ನಿಧಾನದ ಯೋಗ: ಬಗ್ಗುತ್ತಿರುವುದು ಬೆನ್ನೋ, ತೊಡೆಯ ಬುಡವೋ?

ಪ್ರಶ್ನೆ: ಟೀಚರ್, ನನಗೆ 47 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಮನೆ. ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ. ವಿಡಿಯೋ ನೋಡಿಕೊಂಡು ಕೆಲವು ತಿಂಗಳು ಸೂರ್ಯನಮಸ್ಕಾರ ಮಾಡಿದೆ. ಮೈ ಹಗುರವಾದದ್ದು ನಿಜ, ಆದರೆ ಮಣಿಕಟ್ಟು ಮತ್ತು ನಡುಬೆನ್ನಿನ ಕೆಳಭಾಗ ನೋಯತೊಡಗಿ ನಿಲ್ಲಿಸಿಬಿಟ್ಟೆ. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ಚುಚ್ಚುತ್ತದೆ. ಪುಣೆಯಲ್ಲಿರುವ ನಾದಿನಿ ಅಯ್ಯಂಗಾರ್ ಪದ್ಧತಿಯ ತರಗತಿಗೆ ಹೋಗುತ್ತಾಳೆ. ಅದು ನಿಧಾನ, ನಿಮಗೆ ಅದೇ ಸರಿ ಎನ್ನುತ್ತಾಳೆ. ಅವಳು ಕಳುಹಿಸಿದ ಚಿತ್ರಗಳಲ್ಲಿ ಹಗ್ಗ, ಕುರ್ಚಿ, ಮರದ ತುಂಡು, ಬೆಲ್ಟು ಎಲ್ಲ ಕಾಣುತ್ತವೆ. ಅವೆಲ್ಲ ಇಲ್ಲದೆ ಮನೆಯಲ್ಲೇ ಆರಂಭಿಸಬಹುದೆ? ಸುಮ್ಮನೆ ಒಂದೇ ಕಡೆ ನಿಂತರೆ ವ್ಯಾಯಾಮವಾಗುತ್ತದೆಯೆ? ಇನ್ನೊಂದು ವಿಷಯ, ಬಗ್ಗಿದರೆ ನನ್ನ ಕೈ ನೆಲಕ್ಕೆ ತಾಗುವುದೇ ಇಲ್ಲ.

ಉತ್ತರ: ಕೈ ನೆಲಕ್ಕೆ ತಾಗುವುದಿಲ್ಲ ಎಂಬುದನ್ನು ನೀವು ಕೊನೆಯಲ್ಲಿ, ತುಸು ಸಂಕೋಚದಿಂದ ಬರೆದಂತಿದೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಅದೇ. ಬೆನ್ನು ಏಕೆ ನೋಯಿತು, ಇನ್ನು ಎಲ್ಲಿಂದ ಆರಂಭಿಸಬೇಕು ಎಂಬ ಎರಡಕ್ಕೂ ಸುಳಿವು ಅಲ್ಲಿದೆ.

ಒಂದು ಪರೀಕ್ಷೆ ಮಾಡಿ ನೋಡಿ. ಮನೆಯಲ್ಲಿ ಯಾರ ಕೈಗಾದರೂ ಮೊಬೈಲ್ ಕೊಟ್ಟು, ನೀವು ನಿಧಾನವಾಗಿ ಮುಂದಕ್ಕೆ ಬಗ್ಗುವುದನ್ನು ಪಕ್ಕದಿಂದ ವಿಡಿಯೋ ತೆಗೆಯಲು ಹೇಳಿ. ದೊಗಲೆ ಬಟ್ಟೆ ಬೇಡ, ಸೊಂಟದ ಆಕಾರ ಕಾಣಬೇಕು. ಆಮೇಲೆ ನೋಡುವಾಗ ತಲೆ, ಕೈ ಎಲ್ಲಿಗೆ ಮುಟ್ಟಿತು ಎಂಬುದನ್ನು ಬಿಟ್ಟುಬಿಡಿ; ಸೊಂಟದ ಪಟ್ಟಿ ಮುಂದಕ್ಕೆ ವಾಲಿತೋ ಇಲ್ಲವೋ ಅಷ್ಟನ್ನೇ ಗಮನಿಸಿ. ಹೆಚ್ಚಿನವರಲ್ಲಿ ಅದು ಸ್ವಲ್ಪವೇ ವಾಲಿ ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ಬಗ್ಗುವುದೆಲ್ಲ ಬೆನ್ನು. ತೊಡೆಯ ಹಿಂಭಾಗದ ಸ್ನಾಯುಗಳು ಮೇಲ್ಗಡೆ ಅಂಟಿಕೊಂಡಿರುವುದು ಕುಳಿತಾಗ ನೆಲಕ್ಕೆ ಒತ್ತುವ ಎಲುಬಿಗೆ. ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತವರಿಗೆ, ರಜೆಯ ದಿನ ಮತ್ತೆ ಗೂನಾಗಿ ಕುಳಿತು ಅಡಿಕೆ ಸುಲಿಯುವವರಿಗೆ, ಆ ಸ್ನಾಯುಗಳು ಬಿಗಿದಿರುತ್ತವೆ. ಸೊಂಟದ ಎಲುಬನ್ನು ಹಿಂದಕ್ಕೆ ಹಿಡಿದು ನಿಲ್ಲಿಸುತ್ತವೆ. ಹಾಗಾಗಿ ತೊಡೆಯ ಬುಡದ ಕೀಲು ಮಾಡಬೇಕಾದ ಕೆಲಸ ಕೆಳಬೆನ್ನಿನ ಪಾಲಿಗೆ ಬರುತ್ತದೆ. ಸೂರ್ಯನಮಸ್ಕಾರದ ಒಂದು ಸುತ್ತಿನಲ್ಲಿ ನಿಂತು ಬಗ್ಗುವುದು ಎರಡು ಬಾರಿ. 12 ಸುತ್ತು ಹಾಕಿದರೆ 24 ಬಾರಿ, ಅದೂ ವೇಗದಲ್ಲಿ, ಅದೇ ಬೆನ್ನಿನ ಮೇಲೆ. ಸೂರ್ಯನಮಸ್ಕಾರದಲ್ಲಿ ದೋಷವಿಲ್ಲ. ತಪ್ಪು ಕೀಲು ಬಗ್ಗುತ್ತಿರುವುದು ವೇಗದಲ್ಲಿ ಗೊತ್ತಾಗುವುದಿಲ್ಲ, ಅಷ್ಟೆ.

ತೋಟದ ಕೆಲಸಕ್ಕೆ ಜನ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಂಪಿನಲ್ಲಿ ಒಬ್ಬ ಕೆಲಸಗಳ್ಳನಿದ್ದರೆ ಅವನ ಪಾಲಿನ ಹೊರೆಯನ್ನೂ ಚುರುಕಿನವನೊಬ್ಬ ಹೊತ್ತು ಸಂಜೆಗೆ ನಡು ಹಿಡಿದುಕೊಳ್ಳುತ್ತಾನೆ. ಮೇಸ್ತ್ರಿ ಪಕ್ಕದಲ್ಲೇ ನಿಂತು ನೋಡದಿದ್ದರೆ ಯಾರು ಎಷ್ಟು ಮಾಡಿದರೆಂದು ತಿಳಿಯುವುದಿಲ್ಲ. ಭಂಗಿಯಲ್ಲಿ ಅರ್ಧ ನಿಮಿಷ, ಒಂದು ನಿಮಿಷ ನಿಲ್ಲಿಸುವ ಪದ್ಧತಿಯ ಉದ್ದೇಶವೂ ಹಾಗೆ ಪಕ್ಕದಲ್ಲಿ ನಿಂತು ನೋಡುವುದೇ. ನಾದಿನಿ ಹೇಳಿದ್ದು ಸರಿ, ಆದರೆ ನಿಧಾನವೆಂದರೆ ಸುಲಭ ಎಂದು ಅವರು ಹೇಳಿದ್ದರೆ ನಂಬಬೇಡಿ.

ಈ ಪದ್ಧತಿಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಬಿ.ಕೆ.ಎಸ್. ಅಯ್ಯಂಗಾರರು 1918ರಲ್ಲಿ ಬೆಳ್ಳೂರಿನಲ್ಲಿ ಹುಟ್ಟಿದವರು. ನಿಮ್ಮ ಪಕ್ಕದ ಪಂಚಾಯತು ಬೆಳ್ಳೂರಲ್ಲ, ಕೋಲಾರ ಜಿಲ್ಲೆಯದು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಂದು ಒಂದಾದ ಮೇಲೊಂದು ಕಾಯಿಲೆ ಉಂಡ ಕೃಶ ದೇಹ. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಯೋಗ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು ಅವರ ಅಕ್ಕನ ಗಂಡ, ಕಲಿತದ್ದು ಅವರಲ್ಲಿ. 1937ರಲ್ಲಿ ಕಲಿಸಲೆಂದು ಪುಣೆಗೆ ಹೋದವರು ಅಲ್ಲೇ ನೆಲೆಸಿದರು, 1975ರಲ್ಲಿ ಅಲ್ಲಿ ಸಂಸ್ಥೆ ಕಟ್ಟಿದರು, 2014ರಲ್ಲಿ ಅಲ್ಲೇ ತೀರಿಕೊಂಡರು. ಉಸಿರಿನೊಂದಿಗೆ ಭಂಗಿಯಿಂದ ಭಂಗಿಗೆ ಹರಿಯುತ್ತಾ ಹೋಗುವ ಮೈಸೂರಿನ ಅಷ್ಟಾಂಗ ಪದ್ಧತಿಯನ್ನು ಬೆಳೆಸಿದ ಪಟ್ಟಾಭಿ ಜೋಯಿಸರೂ ಅದೇ ಗುರುವಿನ ಶಿಷ್ಯರು. ಆದ್ದರಿಂದ ವೇಗದ್ದು ಆಧುನಿಕ, ನಿಧಾನದ್ದು ಶುದ್ಧ ಎಂಬ ಜಗಳಕ್ಕೆ ನನ್ನನ್ನು ಕರೆಯಬೇಡಿ.

ಸಲಕರಣೆಗಳ ಮಾತಿಗೆ ಬರೋಣ. ಹಗ್ಗವನ್ನು ಸದ್ಯಕ್ಕೆ ಮರೆತುಬಿಡಿ. ಉಳಿದವು ನಿಮ್ಮ ಮನೆಯಲ್ಲೇ ಇವೆ. ಬೆಲ್ಟಿನ ಬದಲು ಒಂದು ಬೈರಾಸು (ಟವೆಲು) ಸಾಕು. ಕುಳಿತುಕೊಳ್ಳಲು ಜಮಖಾನ ಮಡಚಿ ಇಡಿ. ಸ್ಪಂಜಿನ ದಿಂಬು ಬೇಡ, ಕೂತರೆ ಕುಸಿಯುತ್ತದೆ, ಒಂದು ಕಡೆ ಹೆಚ್ಚು ಕುಸಿದರೆ ಸೊಂಟವೂ ಓರೆಯಾಗುತ್ತದೆ. ಕುರ್ಚಿಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಪ್ಲಾಸ್ಟಿಕ್ ಕುರ್ಚಿ ಖಂಡಿತ ಬೇಡ. ನಯವಾದ ನೆಲದಲ್ಲಿ ಅದರ ಕಾಲುಗಳು ಅಗಲಕ್ಕೆ ಜಾರುತ್ತವೆ. ಕಬ್ಬಿಣದ್ದೋ ಮರದ್ದೋ ಆಗಲಿ, ಅದರ ಬೆನ್ನನ್ನು ಗೋಡೆಗೆ ಒತ್ತಿ ಇಡಿ. ಜಾರದ ರಬ್ಬರಿನ ಮ್ಯಾಟ್ ಒಂದನ್ನು ದುಡ್ಡು ಕೊಟ್ಟು ಕೊಳ್ಳಿ. ಓಲೆಯ ಚಾಪೆಯ ಮೇಲೆ ನಿಂತು ಕಾಲು ಅಗಲಿಸುವುದು ಅಪಾಯ. ನಮ್ಮ ಕಡೆ ಜೂನ್ ಬಂತೆಂದರೆ ಕಾವಿ ನೆಲವೂ ಟೈಲ್ಸೂ ಬೆವರುತ್ತವೆ. ಆ ದಿನಗಳಲ್ಲಿ ಮ್ಯಾಟ್ ಹಾಸುವ ಮೊದಲು ಒಣ ಬಟ್ಟೆಯಿಂದ ನೆಲ ಒರೆಸಿ, ಪಾದವನ್ನೂ ಒರೆಸಿಕೊಳ್ಳಿ.

ಈ ವಸ್ತುಗಳನ್ನು ಬಳಸುವುದು ಕೈಲಾಗದವರು ಎಂದು ಹಲವರ ತಲೆಯಲ್ಲಿದೆ. ನೆಲ ನಿಮ್ಮ ಕೈಗೆ ಎಟಕದಿದ್ದರೆ ನೆಲವನ್ನು ಮೇಲಕ್ಕೆ ತರುವುದಷ್ಟೇ ಅವುಗಳ ಕೆಲಸ. ನುರಿತವರೂ ಬಳಸುತ್ತಾರೆ, ಹೆಚ್ಚು ಹೊತ್ತು ನಿಲ್ಲುವುದಕ್ಕಾಗಿ.

ನಿಮ್ಮ ಮೊದಲ ಅಭ್ಯಾಸ ಅಡುಗೆಮನೆಯ ಕಟ್ಟೆಯ ಮುಂದೆ. ಎರಡೂ ಅಂಗೈಗಳನ್ನು ಭುಜದಷ್ಟು ಅಗಲಕ್ಕೆ ಕಟ್ಟೆಯ ಅಂಚಿನ ಮೇಲಿಡಿ. ಪಾದಗಳನ್ನು ಹಿಂದಕ್ಕೆ ನಡೆಸುತ್ತಾ ಹೋಗಿ, ತೋಳು, ಬೆನ್ನು, ಪೃಷ್ಠ ಒಂದೇ ಗೆರೆಗೆ ಬರುವವರೆಗೆ, ಕಾಲುಗಳು ನೆಟ್ಟಗೆ ನಿಲ್ಲುವವರೆಗೆ. ಈಗ ಅಂಗೈಗಳನ್ನು ಕಟ್ಟೆಗೆ ಒತ್ತಿ, ತೊಡೆಯ ಬುಡವನ್ನು ಹಿಂದಕ್ಕೆ ಎಳೆಯಿರಿ. ಬೆನ್ನು ಆಮೆಯ ಚಿಪ್ಪಿನಂತೆ ಮೇಲೆದ್ದಿದೆಯೆ? ಹಾಗಿದ್ದರೆ ಮೊಣಕಾಲುಗಳನ್ನು ಸ್ವಲ್ಪ ಮಡಚಿ. ಸೊಂಟದ ಎಲುಬು ಆಗಲೇ ತಿರುಗಿ ಬೆನ್ನು ಉದ್ದವಾಗುವುದು ನಿಮಗೇ ತಿಳಿಯುತ್ತದೆ. ಆ ಉದ್ದವನ್ನು ಬಿಟ್ಟುಕೊಡದೆ ಮೊಣಕಾಲನ್ನು ಒಂದಿಷ್ಟೊಂದಿಷ್ಟೇ ನೇರ ಮಾಡುತ್ತಾ ಬನ್ನಿ. ಎಲ್ಲಿ ಬೆನ್ನು ಮತ್ತೆ ಗೂನಾಗುತ್ತದೋ ಅದರ ಹಿಂದಿನ ಜಾಗವೇ ಇವತ್ತಿನ ನಿಮ್ಮ ಮಿತಿ. ಕಿವಿಗಳು ತೋಳುಗಳ ಸಾಲಿನಲ್ಲಿರಲಿ, ತಲೆ ಜೋತು ಬೀಳದಿರಲಿ. ಅರ್ಧ ನಿಮಿಷ ಸಾಕು. ಏಳುವಾಗ ಹಿಂದಕ್ಕೆ ಎದ್ದೇಳದೆ, ಕಟ್ಟೆಯ ಕಡೆಗೆ ಹೆಜ್ಜೆ ಇಟ್ಟು ನೆಟ್ಟಗಾಗಿ.

ಎಳೆತ ಎಲ್ಲಿ ಸಿಗಬೇಕು ಎಂಬುದು ಮುಖ್ಯ. ತೊಡೆಯ ಹಿಂಭಾಗದ ನಡುವಿನಲ್ಲಿ ಸಿಕ್ಕರೆ ಸರಿ. ಮೊಣಕಾಲಿನ ಹಿಂದಿನ ಗುಳಿಯಲ್ಲೋ, ಮೇಲೆ ಕೂರುವ ಎಲುಬಿನ ಹತ್ತಿರವೋ ಚೂಪಾಗಿ ಎಳೆದರೆ ಅಷ್ಟು ಬೇಡ, ಕಡಿಮೆ ಮಾಡಿ. ನೋವು ಪೃಷ್ಠದಿಂದ ಕಾಲಿನವರೆಗೆ ಇಳಿಯುವುದು, ಪಾದ ಜೋಮು ಹಿಡಿಯುವುದು ಇದ್ದರೆ ಈ ಬರಹವನ್ನು ಇಲ್ಲಿಗೇ ಮಡಚಿಟ್ಟು ಮೊದಲು ವೈದ್ಯರನ್ನು ಕಾಣಿ.

ಈ ಭಂಗಿಯಲ್ಲಿ ಮಣಿಕಟ್ಟಿನ ಮೇಲೆ ದೇಹದ ಭಾರ ಬೀಳುವುದಿಲ್ಲ. ಸೂರ್ಯನಮಸ್ಕಾರದಲ್ಲಿ ಅದು ನೋಯಲು ಹೆಚ್ಚಾಗಿ ಕಾರಣ, ಭಾರವೆಲ್ಲ ಅಂಗೈಯ ಹಿಮ್ಮಡಿಯ ಭಾಗಕ್ಕೆ ಬಿದ್ದು, ಬೆರಳ ಬುಡ, ಅದರಲ್ಲೂ ತೋರುಬೆರಳಿನ ಬುಡ, ನೆಲದಿಂದ ಎದ್ದಿರುವುದು. ಕಟ್ಟೆಯ ಮೇಲೆಯೇ ಆ ಬುಡವನ್ನು ಒತ್ತಲು ಕಲಿತುಕೊಳ್ಳಿ, ಅಂಗೈ, ಪಾದ ನೆಲಕ್ಕೂರಿ ಪೃಷ್ಠವನ್ನು ಮೇಲೆತ್ತುವ ಅಧೋಮುಖ ಶ್ವಾನಾಸನಕ್ಕೆ ಆಮೇಲೆ ಇಳಿಯಬಹುದು.

ಎರಡನೆಯದು ನಿಲ್ಲುವುದು. ತಾಡಾಸನ ಎಂದ ಕೂಡಲೇ ವಿದ್ಯಾರ್ಥಿಗಳ ಮುಖದಲ್ಲಿ ಬೇಸರ ಕಾಣಿಸುತ್ತದೆ, ನಿಲ್ಲುವುದನ್ನೂ ಕಲಿಯಬೇಕೆ ಎಂದು. ನಿಮ್ಮ ಹಳೆಯ ಚಪ್ಪಲಿ ಮಗುಚಿ ನೋಡಿ. ಹಿಮ್ಮಡಿಯ ಹೊರ ಅಂಚು ಒಂದು ಕಾಲಿನಲ್ಲಿ ಹೆಚ್ಚು ಸವೆದಿದೆಯೋ, ಒಳ ಅಂಚು ಸವೆದಿದೆಯೋ? ಪಾದ ಒಳಗೆ ಮಗುಚಿದರೆ ಮೊಣಕಾಲೂ ಒಳಗೆ ತಿರುಗುತ್ತದೆ. ಆದ್ದರಿಂದ ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿಯ ಒಳ ಮತ್ತು ಹೊರ ಬದಿ ಈ ನಾಲ್ಕರ ಮೇಲೂ ಭಾರ ಹಂಚಿ ನಿಂತು, ತೊಡೆಯ ಮುಂಭಾಗವನ್ನು ಬಿಗಿದು ಮೊಣಕಾಲಿನ ಚಿಪ್ಪನ್ನು ಮೇಲಕ್ಕೆ ಎತ್ತಿ. ಚಿಪ್ಪು ಮೇಲೆ ಹೋಗಬೇಕು. ಮೊಣಕಾಲನ್ನು ಹಿಂದಕ್ಕೆ ತಳ್ಳುವುದು ಬೇರೆ, ಅದು ಕೀಲಿಗೆ ಹಾನಿ. ಬೆರಳಿನಿಂದ ಮುಟ್ಟಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಎತ್ತಿದಾಗ ಚಿಪ್ಪು ಗಟ್ಟಿಯಾಗಿ ನಿಲ್ಲುತ್ತದೆ, ಬಿಟ್ಟಾಗ ಅತ್ತಿತ್ತ ಸರಿಯುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ನಿಂತಾಗಲೂ ಇದನ್ನು ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಮೂರನೆಯದು ತ್ರಿಕೋನಾಸನ. ನಿಮ್ಮಂಥವರಿಗೆ ಒಂದೇ ಆಸನ ಕೊಡಿ ಎಂದರೆ ನಾನು ಕೊಡುವುದು ಇದನ್ನು. ಮೂರರಿಂದ ಮೂರೂವರೆ ಅಡಿ ಕಾಲು ಅಗಲಿಸಿ, ಬಲ ಪಾದವನ್ನು ಪೂರ್ತಿ ಹೊರಕ್ಕೆ, ಎಡ ಪಾದವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ. ಬಲ ಹಿಮ್ಮಡಿಯಿಂದ ಹೊರಟ ಗೆರೆ ಎಡ ಪಾದದ ಕಮಾನಿಗೆ ಬಂದು ಸೇರಬೇಕು. ಟೈಲ್ಸ್ ನೆಲವಾದರೆ ಮ್ಯಾಟನ್ನು ಟೈಲ್ಸ್ ಸಂದಿಗೆ ಸರಿಯಾಗಿ ಹಾಸಿ, ಮ್ಯಾಟಿನ ಅಂಚೇ ನಿಮ್ಮ ಗೆರೆ. ಮ್ಯಾಟಿನ ಮೇಲೆಯೇ ಸೀಮೆಸುಣ್ಣದಿಂದ ಒಂದು ಗೀಟು ಎಳೆದುಕೊಂಡರೂ ನಷ್ಟವಿಲ್ಲ. ಗೋಡೆಗೆ ಬೆನ್ನು ಹಾಕಿ ನಿಲ್ಲಿ, ಆದರೆ ಗಾರೆ ಮಾಡದ ಮುರಕಲ್ಲಿನ ಗೋಡೆ ಬೇಡ, ಚರ್ಮ ತರಚುತ್ತದೆ. ಬಲಗಡೆ ಕುರ್ಚಿ ಇಟ್ಟುಕೊಳ್ಳಿ.

ಈಗ ಬಲಕ್ಕೆ ವಾಲುವಾಗ ಎಲ್ಲರೂ ಮಾಡುವುದು ಕೈಯನ್ನು ಕೆಳಗೆ ಕಳುಹಿಸುವುದು. ಕೈ ಕೆಳಗೆ ಹೋದಂತೆ ಪೃಷ್ಠ ಹಿಂದಕ್ಕೆ ಚಾಚುತ್ತದೆ, ಎಡ ಭುಜ ಮುಂದಕ್ಕೆ ಬೀಳುತ್ತದೆ, ಎದೆ ನೆಲ ನೋಡುತ್ತದೆ. ಕೈ ಪಾದದ ಪಕ್ಕ ತಲುಪಿತೆಂದು ಸಂತೋಷ, ಭಂಗಿ ಮಾತ್ರ ಉಳಿದಿಲ್ಲ. ಹಾಗಲ್ಲ. ಮೊದಲು ಬಲ ತೊಡೆಯನ್ನು ಬುಡದಿಂದಲೇ ಹೊರಕ್ಕೆ ತಿರುಗಿಸಿ, ಮೊಣಕಾಲಿನ ಚಿಪ್ಪಿನ ನಡು ಎರಡನೆಯ ಬೆರಳಿನ ನೇರಕ್ಕೆ ಬರಲಿ. ನಿಮ್ಮ ಚುಚ್ಚುವ ಮೊಣಕಾಲಿಗೆ ಈ ಒಂದು ತಿರುಗಿಕೆ ಬಹಳ ಮುಖ್ಯ. ಪಾದ ಒಂದು ದಿಕ್ಕು, ಮೊಣಕಾಲು ಇನ್ನೊಂದು ದಿಕ್ಕು ನೋಡುತ್ತಿದ್ದರೆ ನಡುವಿನ ಕೀಲು ತಿರುಚಿಕೊಳ್ಳುತ್ತದೆ. ಆಮೇಲೆ ಸೊಂಟವನ್ನು ಎಡಕ್ಕೆ ಸರಿಸುತ್ತಾ, ಪಕ್ಕೆಯನ್ನು ಬಲಕ್ಕೆ ಉದ್ದ ಮಾಡುತ್ತಾ ತೊಡೆಯ ಬುಡದಲ್ಲಿ ವಾಲಿ. ಕೈ ಕುರ್ಚಿಯ ಆಸನಕ್ಕೆ ಬಂದರೆ ಸಾಕು. ಕಾಲಿನ ಮೇಲೆಯೇ ಇಡುವುದಾದರೆ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಮೇಲೆ. ಮೊಣಕಾಲಿನ ಮೇಲೆ ಯಾವತ್ತೂ ಊರಬೇಡಿ. ಎಡ ಹಿಮ್ಮಡಿ ಗಟ್ಟಿಯಾಗಿ ನೆಲ ಒತ್ತಲಿ. ಬಲ ಪಾದದ ಮೇಲೆ ಗಮನವಿದ್ದಾಗ ಅದು ಸಡಿಲಾಗುವುದನ್ನು ನಾನು ಹೊಸಬರೆಲ್ಲರಲ್ಲೂ ನೋಡುತ್ತೇನೆ. ಕುತ್ತಿಗೆ ಹಿಡಿದಂತಾದರೆ ಮೇಲೆ ನೋಡುವುದು ಬೇಡ, ಎದುರಿಗೆ ನೋಡಿ.

ಮೂಗಿನಲ್ಲಿ ಸಹಜ ಉಸಿರು. ಉಸಿರು ಕಟ್ಟಿದರೆ, ದವಡೆ ಬಿಗಿದರೆ, ಮಿತಿ ಮೀರಿದ್ದೀರಿ ಎಂದು ತಿಳಿದು ಒಂದಂಗುಲ ಮೇಲೆ ಬನ್ನಿ. ಪ್ರತಿ ಬದಿಗೆ 20 ರಿಂದ 30 ಸೆಕೆಂಡು, ಎರಡೆರಡು ಬಾರಿ. ಎರಡನೆಯ ಬಾರಿ ದೇಹ ಹೆಚ್ಚು ಮಾತು ಕೇಳುತ್ತದೆ.

ಇದಿಷ್ಟನ್ನು ಮಾಡಿದ ಮೇಲೆ ತೊಡೆ ನಡುಗುತ್ತಿರುವುದನ್ನು ನೋಡಿ ವ್ಯಾಯಾಮವಾಗುತ್ತದೆಯೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ನಿಮಗೇ ಸಿಗುತ್ತದೆ. ಸ್ನಾಯುವನ್ನು ಅಲುಗಾಡಿಸದೆ ಬಿಗಿದು ಹಿಡಿಯುವುದೂ ಶ್ರಮವೇ, ತೊಡೆ ಬಲವಾದಷ್ಟೂ ಮೆಟ್ಟಿಲಲ್ಲಿ ಮೊಣಕಾಲಿಗೆ ಅನುಕೂಲ. ಆದರೆ ಹೃದಯ, ಶ್ವಾಸಕೋಶಕ್ಕೆ ಇದು ಸಾಲದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150 ರಿಂದ 300 ನಿಮಿಷ ಮಧ್ಯಮ ಶ್ರಮ. ಅದಕ್ಕೆ ಬಿರುಸಿನ ನಡಿಗೆ ಬೇಕು. ನಿಧಾನದ ಯೋಗವೊಂದರಿಂದಲೇ ತೂಕ ಇಳಿಯುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ ಎನ್ನುವ ಶಿಕ್ಷಕರು ಸಿಕ್ಕರೆ ನಮಸ್ಕಾರ ಹೇಳಿ ಹಿಂದೆ ಬನ್ನಿ. ನಿಮಗೆ ರಕ್ತದೊತ್ತಡ ಹೆಚ್ಚಿದ್ದರೆ, ನಿಂತ ಆಸನಗಳಲ್ಲಿ ತೋಳನ್ನು ಮೇಲೆತ್ತಿ ಹಿಡಿಯುವ ಬದಲು ಕೈ ಸೊಂಟದ ಮೇಲಿರಲಿ, ನಿಲ್ಲುವ ಹೊತ್ತೂ ಕಡಿಮೆಯಾಗಲಿ.

ಕೂತು ಮಾಡುವ ಆಸನಗಳಲ್ಲಿ ಸದ್ಯ ದಂಡಾಸನವೊಂದೇ. ಮಡಚಿದ ಜಮಖಾನದ ಅಂಚಿನಲ್ಲಿ ಕುಳಿತು ಕಾಲು ಚಾಚಿ. ಬೆನ್ನು ಹಿಂದಕ್ಕೆ ಕುಸಿಯದೆ ಕೂರಲು ಎಷ್ಟು ಎತ್ತರ ಬೇಕೋ ಅಷ್ಟು ಏರಿಸಿ. ಬೈರಾಸನ್ನು ಪಾದಕ್ಕೆ ಸುತ್ತಿ ಎರಡೂ ತುದಿ ಹಿಡಿದುಕೊಳ್ಳಿ, ಮುಂದಕ್ಕೆ ಬಗ್ಗಲು ಹೋಗಬೇಡಿ. ಪದ್ಮಾಸನ, ವೀರಾಸನ ಮೊಣಕಾಲಿನ ಚುಚ್ಚು ನಿಲ್ಲುವವರೆಗೆ ಬೇಡವೇ ಬೇಡ. ಶೀರ್ಷಾಸನ, ಸರ್ವಾಂಗಾಸನಗಳನ್ನು ವಿಡಿಯೋ ನೋಡಿ ಕಲಿಯುವುದಕ್ಕೆ ನನ್ನ ಪೂರ್ಣ ವಿರೋಧವಿದೆ. ಈ ಪದ್ಧತಿಯಲ್ಲಿ ಸರ್ವಾಂಗಾಸನಕ್ಕೆ ಮಡಚಿದ ಕಂಬಳಿಗಳ ಅಟ್ಟಿ ಇಟ್ಟು, ಭುಜ ಅದರ ಮೇಲೆ, ತಲೆ ಕೆಳಗೆ ನೆಲದ ಮೇಲೆ ಇರುವಂತೆ ಮಾಡುವುದು ಕುತ್ತಿಗೆಯ ಮೇಲೆ ಭಾರ ಬೀಳಬಾರದೆಂದು. ಅದನ್ನು ಹೊಂದಿಸಲು ಎದುರಿಗೆ ನೋಡುವ ಕಣ್ಣು ಬೇಕು. ಗ್ಲಾಕೋಮಾ, ಅಕ್ಷಿಪಟಲದ ತೊಂದರೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರು ತಲೆಕೆಳಗಿನ ಆಸನಗಳ ಗೊಡವೆಗೇ ಹೋಗಬಾರದು. ಮುಟ್ಟಿನ ದಿನಗಳಲ್ಲೂ ಈ ಪದ್ಧತಿ ಅವನ್ನು ಬಿಡಿಸುತ್ತದೆ, ಬಲವಾಗಿ ನಿಂತು ಮಾಡುವವನ್ನೂ ಕಡಿಮೆ ಮಾಡಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ದಿನಗಳು ಮಲಗಿ ಮಾಡುವ ಆಸನಗಳಿಗೆ ಸಿಕ್ಕ ಒಳ್ಳೆಯ ನೆಪ, ಅಂಜಿಕೆಯ ಮಾತಿಲ್ಲ.

ಕೊನೆಯಲ್ಲಿ ಕಾಲುಗಳನ್ನು ಕುರ್ಚಿಯ ಆಸನದ ಮೇಲಿಟ್ಟು ಬೆನ್ನ ಮೇಲೆ ಮಲಗಿ, ಐದರಿಂದ ಹತ್ತು ನಿಮಿಷ. ಕೆಳಬೆನ್ನು ನೆಲಕ್ಕೆ ಪೂರ್ತಿ ಹರಡಿಕೊಳ್ಳುತ್ತದೆ. ಸಮಯವಿಲ್ಲವೆಂದು ಇದನ್ನು ಬಿಡುವುದಾದರೆ ಬೇರೆ ಯಾವುದನ್ನಾದರೂ ಬಿಡಿ. ಪ್ರಾಣಾಯಾಮಕ್ಕೆ ಅವಸರ ಬೇಡ; ಬೆನ್ನು ನೆಟ್ಟಗೆ ಕೂರಲು ಕಲಿತ ಮೇಲೆ ಅದು.

ಹೊತ್ತು ಬೆಳಗ್ಗೆಯೇ ಆಗಬೇಕೆಂದಿಲ್ಲ. ಬೆಳಗ್ಗೆ ಮೈ ಬಿಗಿದಿರುತ್ತದೆ, ಮನೆಯಲ್ಲಿ ತಿಂಡಿಯ ಗಡಿಬಿಡಿ ಬೇರೆ. ಬ್ಯಾಂಕಿನಿಂದ ಬಂದು, ಚಹಾದ ಜೊತೆ ಏನೂ ತಿನ್ನದೆ, ಸಂಜೆ ಮಾಡಿದರೆ ನಿಮಗೆ ಹೆಚ್ಚು ಒಗ್ಗಬಹುದು. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಲಿ. ದಿನಾ ಅರ್ಧ ಗಂಟೆ, ಭಾನುವಾರ ಎರಡು ಗಂಟೆ ಎಂದು ಕೂಡಿಸಿಡುವುದಕ್ಕಿಂತ ಮೇಲು. ಅಡಿಕೆ ಸುಲಿಯುವ ದಿನಗಳಲ್ಲಿ ಮಾತ್ರ ನನ್ನದೊಂದು ಹೆಚ್ಚಿನ ಸಲಹೆ: ಸುಲಿಯಲು ಕೂರುವ ಮಣೆಯ ಮೇಲೂ ಮಡಚಿದ ಬಟ್ಟೆ ಹಾಕಿ ಎತ್ತರ ಮಾಡಿಕೊಳ್ಳಿ, ನಡುನಡುವೆ ಎದ್ದು ಕಟ್ಟೆಯ ಆಸನ ಮಾಡಿ. ದಿನಕ್ಕೆ ಅರ್ಧ ಗಂಟೆ ನೆಟ್ಟಗೆ ಮಾಡಿದ ಬೆನ್ನನ್ನು ಉಳಿದ ಹೊತ್ತೆಲ್ಲ ಗೂನು ಮಾಡಿದರೆ ಲೆಕ್ಕ ಕೂಡುವುದಿಲ್ಲ.

ಇನ್ನು ಶಿಕ್ಷಕರು. ಮೇಲೆ ಹೇಳಿದ್ದನ್ನು ಮನೆಯಲ್ಲಿ ಆರಂಭಿಸಬಹುದು, ಅಲ್ಲಿಂದ ಮುಂದಕ್ಕೆ ಒಬ್ಬರು ನೋಡಲೇಬೇಕು. ನಮ್ಮ ಮೈ ನಮಗೆ ಸುಳ್ಳು ಹೇಳುತ್ತದೆ. ಓರೆಯಾಗಿ ನಿಂತು ರೂಢಿಯಾದವರಿಗೆ ಓರೆಯೇ ನೇರವೆನಿಸುತ್ತದೆ, ಸರಿಪಡಿಸಿದರೆ ಬೀಳುತ್ತೇನೆ ಎನ್ನುತ್ತಾರೆ. ಈ ಪದ್ಧತಿಯಲ್ಲಿ ಕಲಿಸುವ ಅರ್ಹತೆ ಸಿಗಲು ಹಲವು ವರ್ಷಗಳ ಅಭ್ಯಾಸ, ಪರೀಕ್ಷೆ ಎಲ್ಲ ಇರುವುದರಿಂದ ಶಿಕ್ಷಕರು ಊರೂರಿಗೆ ಸಿಗುವುದಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ವಾರಕ್ಕೊಮ್ಮೆ ಆಗದಿದ್ದರೆ ತಿಂಗಳಿಗೊಮ್ಮೆ ಹೋಗಿ ನೋಡಿಸಿಕೊಂಡು ಬರುವುದು ವ್ಯರ್ಥವಲ್ಲ. ನಾದಿನಿಯ ಮೂಲಕ ಪುಣೆಯ ತರಬೇತಿ ಪಡೆದವರ ಆನ್‌ಲೈನ್ ತರಗತಿ ಸಿಕ್ಕರೂ ಆದೀತು, ಆದರೆ ನಿಮ್ಮ ಕ್ಯಾಮೆರಾ ತೆರೆದಿರಲಿ, ಪಾದದಿಂದ ತಲೆಯವರೆಗೆ ಕಾಣಲಿ. ನಮ್ಮ ಜಿಲ್ಲೆಯ ತರಗತಿಗಳು ಹೆಚ್ಚಾಗಿ ಮಲಯಾಳದಲ್ಲಿ ಎಂದು ಹಿಂಜರಿಯುವವರಿದ್ದಾರೆ. ಆಸನದ ಹೆಸರು ಎಲ್ಲ ಭಾಷೆಯಲ್ಲೂ ಒಂದೇ, ಉಳಿದದ್ದನ್ನು ಶಿಕ್ಷಕರು ಮಾಡಿ ತೋರಿಸುತ್ತಾರೆ. ಒಂದೆರಡು ವಾರದಲ್ಲಿ ಮುಟ್ಟು, ತೋಳ್ ಎಂಬ ಮಾತುಗಳು ತಾವಾಗಿಯೇ ಮೊಣಕಾಲಿಗೂ ಭುಜಕ್ಕೂ ಹೋಗಿ ತಲುಪುತ್ತವೆ.

ಹೋದ ಮೊದಲ ದಿನವೇ, ತರಗತಿ ಆರಂಭವಾಗುವ ಮುಂಚೆ, ಮೊಣಕಾಲು ಮತ್ತು ಬೆನ್ನಿನ ವಿಷಯ ಹೇಳಿಬಿಡಿ. ಎಕ್ಸ್-ರೇ ತೆಗೆಸಿದ್ದರೆ ವರದಿ ಕೈಯಲ್ಲಿರಲಿ. ಮೊಣಕಾಲು ಊದಿಕೊಳ್ಳುತ್ತಿದ್ದರೆ, ಮಡಚಿದಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ ಎಲುಬಿನ ವೈದ್ಯರಿಗೆ ತೋರಿಸಿದ ಮೇಲೆಯೇ ಹೋಗಿ. ನಿಮ್ಮ ಮಾತು ಕೇಳಿಯೂ ಆ ಶಿಕ್ಷಕರು ಎಲ್ಲರ ಜೊತೆ ನಿಮ್ಮನ್ನೂ ಮೊದಲ ದಿನವೇ ನೆಲಕ್ಕೆ ಬಗ್ಗಿಸಿದರೆ, ಎರಡನೆಯ ತಿಂಗಳ ಶುಲ್ಕ ಕಟ್ಟಬೇಡಿ.